ಕೆಲಸ ಬಿಟ್ಟ ಮೇಲೆ 2 ವರ್ಷ ಬೇರೆ ಬೀಜದ ಕಂಪನಿ ಸೇರಬಾರದಂತೆ, ಹೌದಾ? ಅನುಭವ ಇದ್ದವರು ಹೇಳಿ

ಕೇಳಿದವರು: ಕುಷ್ಟಗಿ ತಾಲೂಕು, ಬೀಜದ ಕಂಪನಿಯಲ್ಲಿ ಫೀಲ್ಡ್ ಕೆಲಸ

ಎಲ್ಲರಿಗೂ ನಮಸ್ಕಾರ. ಕುಷ್ಟಗಿ ಕಡೆ ಒಂದು ಬೀಜದ ಕಂಪನಿಯಲ್ಲಿ 4 ವರ್ಷದಿಂದ ಇದ್ದೇನೆ. ರೈತರ ಹೊಲದಲ್ಲಿ ಟೊಮೆಟೊ, ಮೆಣಸಿನಕಾಯಿ ಬೀಜ ಮಾಡಿಸುವುದು ನನ್ನ ಕೆಲಸ. ಸಂಜೆ ಮೊಗ್ಗಿನ ಗಂಡು ಭಾಗ ಪೂರ್ತಿ ತೆಗೆದಿದ್ದಾರಾ, ಮರುದಿನ ಬೆಳಿಗ್ಗೆ ಕ್ರಾಸಿಂಗ್ (ಗಂಡು ಗಿಡದ ಪರಾಗವನ್ನು ಹೆಣ್ಣು ಗಿಡದ ಹೂವಿಗೆ ಮುಟ್ಟಿಸುವುದು) ಸರಿಯಾಗಿ ಆಗಿದೆಯಾ ಅಂತ ಸಾಲು ಸಾಲು ತಿರುಗಿ ನೋಡಬೇಕು. ಈಗ ಇನ್ನೊಂದು ಕಂಪನಿಯವರು ಕರೆಯುತ್ತಿದ್ದಾರೆ, ತಿಂಗಳಿಗೆ 7 ಸಾವಿರ ಜಾಸ್ತಿ.

ಸೇರುವಾಗ ಕೊಟ್ಟ ಅಪಾಯಿಂಟ್‌ಮೆಂಟ್ ಲೆಟರ್ ಮೊನ್ನೆ ಟ್ರಂಕಿನಿಂದ ತೆಗೆದು ಓದಿದೆ. 9 ಪುಟ, ಪೂರಾ ಇಂಗ್ಲಿಷು. ಅವತ್ತು ಪ್ರತಿ ಪುಟದ ಕೆಳಗೆ ಸಹಿ ಮಾಡಿದ್ದೇ ಹೊರತು ಓದಿರಲಿಲ್ಲ. 7ನೇ ಪುಟದಲ್ಲಿ ಇರುವುದು ಇಷ್ಟು: ಕೆಲಸ ಬಿಟ್ಟ ಮೇಲೆ 2 ವರ್ಷ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಬೇರೆ ಯಾವ ಬೀಜದ ಕಂಪನಿಯಲ್ಲೂ ಇರಬಾರದು, ಇದ್ದರೆ 3 ಲಕ್ಷ ಕಟ್ಟಬೇಕು. ಏನೇ ತಕರಾರು ಬಂದರೂ ಹೈದರಾಬಾದ್ ಕೋರ್ಟಿಗೇ ಹೋಗಬೇಕು ಅಂತಲೂ ಇದೆ. ಇದರ ಜೊತೆ ಸಹಿ ಹಾಕಿದ ಒಂದು ಖಾಲಿ ಚೆಕ್ಕು, ನನ್ನ ಕೃಷಿ ಡಿಪ್ಲೊಮಾದ ಒರಿಜಿನಲ್ ಮಾರ್ಕ್ಸ್ ಕಾರ್ಡು ಅವರ ಹತ್ತಿರ ಇವೆ.

ನಮ್ಮ ಮೇಲಿನವರಿಗೆ ಸುಮ್ನೆ ಒಂದು ಮಾತು ಹಾಕಿ ನೋಡಿದೆ. "ಹೋಗೋದಾದ್ರ ಹೋಗು ತಮ್ಮಾ, ಹೈದರಾಬಾದಿಗೆ ಅಡ್ಡಾಡಾಕ ರೊಕ್ಕ ಜೋಡಿಸಿಕೊಂಡು ಹೋಗು" ಅಂದರು. ಅವತ್ತಿನಿಂದ ಮನೆಯಲ್ಲಿ ಅವ್ವ ಸರಿಯಾಗಿ ಊಟ ಮಾಡುತ್ತಿಲ್ಲ. ನನಗೆ ಈ ಕೆಲಸ ಬಿಟ್ಟರೆ ಬೇರೆ ಬರುವುದಿಲ್ಲ. ಈ ಮೂರು ಜಿಲ್ಲೆ ಬಿಟ್ಟು ಎಲ್ಲಿಗೆ ಹೋಗಲಿ? ಇಂಥದ್ದು ಯಾರಿಗಾದರೂ ಆಗಿದೆಯಾ?

ರಾಯಚೂರು, ಪಿಯು ಕಾಲೇಜು ಉಪನ್ಯಾಸಕಿ

ತಮ್ಮಾ, ಮೊದಲು ಅವ್ವನಿಗೆ ಊಟ ಮಾಡಲು ಹೇಳು. ನನಗೆ ಆದದ್ದು ಹೆಚ್ಚು ಕಡಿಮೆ ಇದೇ.

ನಾನು ರಾಯಚೂರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದೆ, ಸಂಜೆ ಅಲ್ಲೇ ನೀಟ್ ಕೋಚಿಂಗ್ ಕ್ಲಾಸು. ನನ್ನ ಪತ್ರದಲ್ಲಿ ಊರಿನಿಂದ 50 ಕಿಲೋಮೀಟರ್ ಒಳಗೆ 3 ವರ್ಷ ಎಲ್ಲೂ ಪಾಠ ಮಾಡಬಾರದು ಅಂತ ಇತ್ತು. ಯಜಮಾನರ ಕೆಲಸ ರಾಯಚೂರಿನಲ್ಲಿ, ಮಕ್ಕಳ ಶಾಲೆ ರಾಯಚೂರಿನಲ್ಲಿ, 50 ಕಿಲೋಮೀಟರ್ ಆಚೆ ನಾನು ದಿನಾ ಹೇಗೆ ಹೋಗಿ ಬರಲಿ? ಎಂಎಸ್ಸಿ, ಬಿಎಡ್ ಒರಿಜಿನಲ್‌ಗಳು ಕಾಲೇಜಿನ ಕಪಾಟಿನಲ್ಲಿ. ರಾಜೀನಾಮೆ ಕೊಟ್ಟಾಗ ಆಫೀಸಿನಲ್ಲಿ ಹೇಳಿದ್ದು ಒಂದೇ ಮಾತು, "ಬೇರೆ ಕಡೆ ಸೇರೋದಿಲ್ಲ ಅಂತ ಬರೆದುಕೊಡ್ರಿ ಮೇಡಂ, ಸರ್ಟಿಫಿಕೇಟ್ ಒಯ್ರಿ."

ಅವತ್ತು ನಾನು ತೀನ್ ಕಂದೀಲ್ ತನಕ ಅಳುತ್ತಲೇ ನಡೆದುಕೊಂಡು ಬಂದೆ. ಆದರೆ ಬರೆದುಕೊಡಲಿಲ್ಲ. ನಾನು ಮಾಡಿದ ಒಳ್ಳೆ ಕೆಲಸ ಅದೊಂದೇ. ಮರುದಿನ ಪರಿಚಯದ ವಕೀಲರೊಬ್ಬರು ಕನ್ನಡದಲ್ಲೇ ಅರ್ಧ ಪುಟದ ಪತ್ರ ಬರೆಸಿದರು. ಇಂಥ ದಿನ ಸೇರಿದೆ, ಇಂಥ ದಿನ ಇಂಥಿಂಥ ಒರಿಜಿನಲ್ ಕೊಟ್ಟೆ, ಇಂಥ ದಿನ ರಾಜೀನಾಮೆ ಕೊಟ್ಟೆ, ನೋಟಿಸ್ ಅವಧಿ ಮುಗಿಯಿತು, 7 ದಿನದೊಳಗೆ ವಾಪಸ್ ಕೊಡಿ. ಅಷ್ಟೇ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಅದನ್ನು ಅಕ್ನಾಲೆಜ್‌ಮೆಂಟ್ ಸಮೇತ ಪೋಸ್ಟ್ ಮಾಡಿದೆ. 5ನೇ ದಿನ ಫೋನ್ ಬಂತು, ಬಂದು ಒಯ್ಯಿರಿ ಅಂತ.

ಇನ್ನೊಂದು ಮಾತು. ಹೊಸ ಕಾಲೇಜಿನ ಪ್ರಿನ್ಸಿಪಾಲರಿಗೆ ನಾನು ಮೊದಲೇ ಪತ್ರ ತೋರಿಸಿದ್ದೆ. ಹಳೆಯ ಕಾಲೇಜಿನವರು ಅವರಿಗೂ ಒಂದು ಪತ್ರ ಬರೆದಿದ್ದರು, ಇವರನ್ನು ತೆಗೆದುಕೊಳ್ಳಬೇಡಿ ಅಂತ. ಮೊದಲೇ ಗೊತ್ತಿದ್ದದ್ದಕ್ಕೆ ಅವರು ಅದನ್ನು ಫೈಲಿಗೆ ಹಾಕಿ ಸುಮ್ಮನಾದರು. ಮುಚ್ಚಿಟ್ಟಿದ್ದರೆ ನನ್ನ ಮೇಲೆಯೇ ಅನುಮಾನ ಬರುತ್ತಿತ್ತು, ಅಲ್ವಾ? ನೀನೂ ಕರೆಯುತ್ತಿರುವ ಕಂಪನಿಗೆ ಆ 7ನೇ ಪುಟ ತೋರಿಸು. ಕೇಸು ಗೀಸು ಬಂದರೆ ಜೊತೆಗೆ ನಿಲ್ಲುತ್ತೀರಾ ಅಂತ ಬಾಯಿಬಿಟ್ಟು ಕೇಳು.

ಸಿಂಧನೂರು, ಮೊದಲು ಕ್ರಿಮಿನಾಶಕ ಕಂಪನಿ ಸೇಲ್ಸ್, ಈಗ ಸ್ವಂತ ಅಂಗಡಿ

ಅಕ್ಕನವರದ್ದು ಚೆನ್ನಾಗಿ ಮುಗಿಯಿತು. ನನ್ನದು ಹಾಗೆ ಮುಗಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಪತ್ರದಲ್ಲೂ 1 ವರ್ಷದ ಷರತ್ತು ಇತ್ತು, ಅದನ್ನು ಯಾರೂ ಎತ್ತಲೇ ಇಲ್ಲ. ನಾನು ಸಿಕ್ಕಿಬಿದ್ದದ್ದು ಬೇರೆ ಕಡೆ. ಬಿಡುವ ಹಿಂದಿನ ರಾತ್ರಿ ಡೀಲರ್‌ಗಳ ಪಟ್ಟಿಯನ್ನು ಕಂಪನಿಯ ಮೇಲ್‌ನಿಂದ ನನ್ನ ಸ್ವಂತ ಮೇಲ್‌ಗೆ ಕಳಿಸಿಕೊಂಡೆ. ಯಾವ ಅಂಗಡಿಗೆ ಎಷ್ಟು ಉದ್ರಿ, ಯಾರಿಗೆ ಎಷ್ಟು ಪರ್ಸೆಂಟ್ ಸ್ಕೀಮು, ಎಲ್ಲಾ ಅದರಲ್ಲಿತ್ತು. ನಾನೇ ಊರೂರು ತಿರುಗಿ ಮಾಡಿದ ಪಟ್ಟಿ, ನನ್ನದೇ ಅಂದುಕೊಂಡಿದ್ದೆ. ತಿಂಗಳೊಳಗೆ ನೋಟಿಸ್ ಬಂತು. ಅದರಲ್ಲಿ ಮೇಲ್ ಕಳಿಸಿದ ತಾರೀಖು, ಟೈಮು, ಫೈಲಿನ ಹೆಸರು ಎಲ್ಲಾ ಬರೆದಿದ್ದರು. ಬಾಯಿ ಬಿಡಲು ಜಾಗವೇ ಇರಲಿಲ್ಲ. ಕೊನೆಗೆ ಪಟ್ಟಿ ಅಳಿಸಿದ್ದೇನೆ ಅಂತ ಬರೆದುಕೊಟ್ಟು, ಬರಬೇಕಾಗಿದ್ದ ಇನ್ಸೆಂಟಿವ್ ಬಿಟ್ಟುಕೊಟ್ಟು ರಾಜಿ ಮಾಡಿಕೊಂಡೆ. ಒಂದು ಸೀಸನ್ನಿನ ದುಡಿಮೆ ಹೋಯಿತು.

ನಿನ್ನ ವಿಷಯದಲ್ಲಿ ಇದು ಇನ್ನೂ ಜೋರು ತಮ್ಮಾ. ಕಂಪನಿ ಕೊಟ್ಟ ಗಂಡು ಬೀಜ, ಹೆಣ್ಣು ಬೀಜ ಇರುತ್ತವಲ್ಲ, ಅವುಗಳ ಒಂದು ಕಾಳು ಕೂಡ ನಿನ್ನ ಮನೆಯಲ್ಲಿ, ಗಾಡಿಯ ಡಿಕ್ಕಿಯಲ್ಲಿ ಉಳಿದಿರಬಾರದು. ಹಳೆ ಅಂಗಿ ಜೇಬನ್ನೂ ನೋಡಿಕೋ. ಬೀಜದ ಕಂಪನಿಯ ಆಸ್ತಿ ಅಂದರೆ ಅದೇ. ರೈತರ ಪಟ್ಟಿ, ಪ್ಲಾಟ್ ನಂಬರ್ ಬರೆದ ಡೈರಿ, ಕಂಪನಿ ಸಿಮ್ಮು ಎಲ್ಲಾ ವಾಪಸ್ ಕೊಟ್ಟು ಒಂದು ಹಾಳೆಯಲ್ಲಿ ಸಹಿ ತೆಗೆದುಕೋ.

ಮತ್ತೆ ಕ್ರಾಸಿಂಗ್ ನಡೆಯುತ್ತಿರುವಾಗ ಮಧ್ಯದಲ್ಲಿ ಬಿಡಬೇಡ. ಕಂಪನಿ ಸಲುವಾಗಿ ಹೇಳುತ್ತಿಲ್ಲ. ಫೀಲ್ಡಿನವನು ಇಲ್ಲದೆ ಕಾಯಿ ನಿಲ್ಲದಿದ್ದರೆ, ಬೀಜ ಟೆಸ್ಟಿನಲ್ಲಿ ಫೇಲಾದರೆ, ಹೋಗುವುದು ರೈತನ ದುಡ್ಡು. ಆಳಿನ ಕೂಲಿ ಅವನು ಕೈಯಿಂದ ಕೊಟ್ಟಿರುತ್ತಾನೆ.

ಬಳ್ಳಾರಿ, ವಕೀಲ

ಮೇಲಿನ ಇಬ್ಬರೂ ಸರಿಯಾದ ಜಾಗವನ್ನೇ ಮುಟ್ಟಿದ್ದಾರೆ. ಕಾನೂನು ಎಲ್ಲಿ ನಿಂತಿದೆ ಅಂತ ನಾನು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಹೇಳುವುದು ಇಷ್ಟು: ಒಬ್ಬ ಮನುಷ್ಯ ಕಾನೂನುಬದ್ಧವಾದ ಉದ್ಯೋಗ, ಕಸುಬು, ವ್ಯಾಪಾರ ಮಾಡದಂತೆ ತಡೆಯುವ ಕರಾರು, ಆ ಮಟ್ಟಿಗೆ ಅನೂರ್ಜಿತ. "ಆ ಮಟ್ಟಿಗೆ" ಅನ್ನುವುದನ್ನು ಗಮನಿಸಿ. 9 ಪುಟವೂ ಬಿದ್ದುಹೋಗುವುದಿಲ್ಲ, ಆ ಷರತ್ತು ಮಾತ್ರ ಬೀಳುತ್ತದೆ. ಕಾಯ್ದೆಯೇ ಕೊಟ್ಟ ವಿನಾಯಿತಿ ಒಂದಿದೆ: ಅಂಗಡಿಯನ್ನು ಅದರ ಹೆಸರು, ಗಿರಾಕಿ ಸಮೇತ ಮಾರಿದವನು ಪಕ್ಕದಲ್ಲೇ ಅದೇ ಅಂಗಡಿ ತೆರೆಯಬಾರದು ಅಂತ ಬರೆಸಿಕೊಳ್ಳಬಹುದು. ನೀವು ಏನನ್ನೂ ಮಾರಿಲ್ಲ, ಸಂಬಳಕ್ಕೆ ದುಡಿದವರು. ಇಂಗ್ಲೆಂಡಿನ ಕೋರ್ಟುಗಳು ಷರತ್ತು ನ್ಯಾಯವಾಗಿದೆಯಾ, ಅವಧಿ ಹದವಾಗಿದೆಯಾ ಅಂತ ತೂಗಿ ನೋಡುತ್ತವೆ. ನಮ್ಮಲ್ಲಿ ಕೆಲಸ ಬಿಟ್ಟ ಮೇಲಿನ ತಡೆಗೆ ಆ ತೂಕವೇ ಇಲ್ಲ. 2 ವರ್ಷ ಅಂತಿರಲಿ, 6 ತಿಂಗಳು ಅಂತಿರಲಿ.

ಆದರೆ ಕೆಲಸದಲ್ಲಿ ಇರುವಾಗಿನ ತಡೆ ಬೇರೆ, ಬಿಟ್ಟ ಮೇಲಿನ ತಡೆ ಬೇರೆ. ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. 1967ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೋಲಿಕಾರಿ ಪ್ರಕರಣ ತೀರ್ಮಾನವಾಯಿತು. ಗೋಲಿಕಾರಿ ಅವರು ಮುಂಬೈ ಹತ್ತಿರದ ಕಲ್ಯಾಣದ ಒಂದು ಕಾರ್ಖಾನೆಯಲ್ಲಿ ಟೈರಿನ ನೂಲು ತಯಾರಿಸುವ ವಿಭಾಗದ ಶಿಫ್ಟ್ ಸೂಪರ್‌ವೈಸರ್. 5 ವರ್ಷದ ಕರಾರು, ಹೊರದೇಶದಿಂದ ತಂದ ತಂತ್ರಜ್ಞಾನದ ತರಬೇತಿ. ಅವಧಿ ಮುಗಿಯುವ ಮೊದಲೇ ಬಿಟ್ಟು, ಜಾಸ್ತಿ ಸಂಬಳಕ್ಕೆ ರಾಜಸ್ಥಾನದ ಇನ್ನೊಂದು ಕಂಪನಿಗೆ ಹೋದರು. ಆ 5 ವರ್ಷ ಮುಗಿಯುವ ತನಕ ಅಲ್ಲಿ ಅದೇ ಕೆಲಸ ಮಾಡಬಾರದು ಅಂದ ಕೆಳಗಿನ ಕೋರ್ಟುಗಳ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಂದರೆ ಕರಾರಿನ ಅವಧಿ ಒಳಗಿನ ಮಾತು ನಡೆಯುತ್ತದೆ. ಇಲ್ಲಿ ಸಂಬಳ ತೆಗೆದುಕೊಳ್ಳುತ್ತಾ ಅಲ್ಲಿ ಪ್ಲಾಟ್ ನೋಡುವುದು ಆಗದು. ನೋಟಿಸ್ ಅವಧಿಯಲ್ಲೂ ಆಗದು. ತಮ್ಮಾ, ನಿಮ್ಮ ಪತ್ರದಲ್ಲಿ ಇಂತಿಷ್ಟು ವರ್ಷ ಇರಲೇಬೇಕು ಅಂತ ಅವಧಿ ಬರೆದಿದೆಯಾ? ಇನ್ನೊಮ್ಮೆ ನೋಡಿ.

1980ರ ಕ್ರಿಶನ್ ಮುರ್ಗೈ ಪ್ರಕರಣ ನಿಮ್ಮದಕ್ಕೆ ಹತ್ತಿರ. ಕಂಪನಿ ಕೋಲ್ಕತ್ತದ್ದು, ಅವರು ದೆಹಲಿ ಶಾಖೆಯ ಮ್ಯಾನೇಜರ್. ಬಿಟ್ಟ ಮೇಲೆ 2 ವರ್ಷ ಅದೇ ಊರಿನಲ್ಲಿ ಅದೇ ಥರದ ಕೆಲಸ ಮಾಡಬಾರದು ಅಂತ ಷರತ್ತು. ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು, ಅವರು ಸ್ವಂತ ಕೆಲಸ ಶುರು ಮಾಡಿದರು, ಕಂಪನಿ ಕೋರ್ಟಿಗೆ ಹೋಗಿ ಸೋತಿತು. ಕೆಲಸದಿಂದ ತೆಗೆದದ್ದು "ಬಿಟ್ಟದ್ದು" ಆಗುವುದಿಲ್ಲ ಅಂತ ಪೀಠ ಹೇಳಿತು. ಪೀಠದಲ್ಲಿದ್ದ ನ್ಯಾಯಮೂರ್ತಿ ಎ.ಪಿ. ಸೇನ್ ಇನ್ನೂ ಮುಂದೆ ಹೋಗಿ, ಇಂಥ ಷರತ್ತೇ 27ನೇ ಸೆಕ್ಷನ್ ಪ್ರಕಾರ ಅನೂರ್ಜಿತ ಅಂತ ಬರೆದರು. ಕ್ರಿಕೆಟ್ ನೋಡುವವರಿಗೆ 2006ರ ಜಹೀರ್ ಖಾನ್ ಪ್ರಕರಣ ಹೇಳಿದರೆ ಬೇಗ ಗೊತ್ತಾಗುತ್ತದೆ. ಅವರ ಜಾಹೀರಾತು ವ್ಯವಹಾರ ನೋಡುತ್ತಿದ್ದ ಕಂಪನಿ, 3 ವರ್ಷದ ಕರಾರು ಮುಗಿದ ಮೇಲೂ ಮೊದಲ ಅವಕಾಶ ತನಗೇ ಕೊಡಬೇಕು ಅಂದಿತು. ಕರಾರು ಮುಗಿದ ಮೇಲೆ ಅಂಥ ಕಟ್ಟು ನಡೆಯದು ಅಂತ ಸುಪ್ರೀಂ ಕೋರ್ಟ್ ಹೇಳಿತು.

ಇನ್ನು 3 ಲಕ್ಷ. ಕಾಗದದಲ್ಲಿ ಬರೆದ ಮಾತ್ರಕ್ಕೆ ಅಷ್ಟೂ ಕೊಡಬೇಕಾಗಿಲ್ಲ. ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ, ಬರೆದ ಮೊತ್ತ ಅದರ ಮೇಲಿನ ಮಿತಿ ಅಷ್ಟೇ. ಷರತ್ತೇ ಅನೂರ್ಜಿತ ಆದರೆ ಅದನ್ನು ಮುರಿದದ್ದಕ್ಕೆ ಪರಿಹಾರದ ಪ್ರಶ್ನೆ ಎಲ್ಲಿಂದ ಬರುತ್ತದೆ? ಆದರೆ ಬಾಂಡ್ ಅಂತೀವಲ್ಲ, ಇಷ್ಟು ವರ್ಷ ಕೆಲಸ ಮಾಡಲೇಬೇಕು, ಇಲ್ಲದಿದ್ದರೆ ಇಷ್ಟು ಕಟ್ಟಬೇಕು ಅನ್ನುವುದು, ಅದನ್ನು ಇದರ ಜೊತೆ ಸೇರಿಸಬೇಡಿ. 2025ರ ಮೇ ತಿಂಗಳಲ್ಲಿ, ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋಗಿದ್ದ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, 3 ವರ್ಷದ ಮೊದಲೇ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತು 27ನೇ ಸೆಕ್ಷನ್‌ಗೆ ವಿರುದ್ಧ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿನ ತಡೆ ಕೆಲಸದ ಅವಧಿಗೆ ಸೇರಿದ್ದು, ಸರ್ಕಾರಿ ಬ್ಯಾಂಕು ಹೊಸಬರನ್ನು ತೆಗೆದುಕೊಳ್ಳಲು ಮತ್ತೆ ಪರೀಕ್ಷೆ ನಡೆಸಬೇಕಾಗುವ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಂಡರು.

ಈಗ ನನಗೆ ನಿಜವಾಗಿ ಚಿಂತೆ ಇರುವುದು ಆ ಖಾಲಿ ಚೆಕ್ಕಿನದು. 7ನೇ ಪುಟಕ್ಕಿಂತ ಆ ಒಂದು ಚೀಟಿ ಅಪಾಯ. ಅದರ ಮೇಲೆ 3 ಲಕ್ಷ ಬರೆದು ಬ್ಯಾಂಕಿಗೆ ಹಾಕಿದರೆ, ಬೌನ್ಸ್ ಆದರೆ, 138ರ ಕೇಸು, ಅಂದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ ಚೆಕ್ ಬೌನ್ಸಿನ ಕ್ರಿಮಿನಲ್ ಕೇಸು. ಸಹಿ ನಿಮ್ಮದೇ ಅಂದ ಮೇಲೆ ಬಾಕಿ ಇದೆ ಅಂತಲೇ ಕೋರ್ಟು ಮೊದಲು ಹಿಡಿಯುತ್ತದೆ, ಇಲ್ಲ ಅಂತ ತೋರಿಸುವ ಭಾರ ನಿಮ್ಮ ಮೇಲೆ. ಖಾಲಿ ಚೆಕ್ ಆಗಿದ್ದರೂ ಹೀಗೇ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನೊಂದು ತೊಡಕು: ಆ ಕೇಸು ನಡೆಯುವುದು ಚೆಕ್ ಹಾಕಿದವರ ಖಾತೆ ಇರುವ ಶಾಖೆಯ ಊರಿನಲ್ಲಿ. ಕಂಪನಿಯ ಖಾತೆ ಹೈದರಾಬಾದಿನಲ್ಲಿದ್ದರೆ ನೀವು ಹೈದರಾಬಾದಿಗೆ. ನಿಮ್ಮ ಮೇಲಿನವರು ಹೆದರಿಸಿದ್ದು ಸುಮ್ನೆ ಅಲ್ಲ.

ಅದಕ್ಕೆ ರಾಜೀನಾಮೆಗೆ ಮೊದಲೇ ಪತ್ರ ಬರೆಯಿರಿ. ಚೆಕ್ ನಂಬರ್ ಹಾಕಿ. ಸೇರಿದ ದಿನ ಭದ್ರತೆಗೆ ಅಂತ ಖಾಲಿ ಕೊಟ್ಟದ್ದು, ಯಾವ ಸಾಲಕ್ಕೂ ಕೊಟ್ಟದ್ದಲ್ಲ, ಕಂಪನಿಗೆ ನನ್ನಿಂದ ಏನೂ ಬಾಕಿ ಇಲ್ಲ, ವಾಪಸ್ ಕೊಡಿ. ಮಾರ್ಕ್ಸ್ ಕಾರ್ಡೂ ಅದೇ ಪತ್ರದಲ್ಲಿ. ಸ್ಪೀಡ್ ಪೋಸ್ಟ್ ಮಾಡಿ, ಮೇಲ್ ಕೂಡ ಮಾಡಿ. ಮುಂದೆ ಬೇಕಾಗುವ ಸಾಕ್ಷಿ ಅದೇ. ಬ್ಯಾಂಕಿನಲ್ಲಿ ಸ್ಟಾಪ್ ಪೇಮೆಂಟ್ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ, ಅಂಥ ಚೆಕ್ಕಿನ ಮೇಲೂ 138 ಹಾಕಬಹುದು. ಬೌನ್ಸ್ ಆದ ಮೇಲೆ 30 ದಿನದೊಳಗೆ ಅವರು ನೋಟಿಸ್ ಕೊಡಬೇಕು, ಅದು ಕೈಗೆ ಬಂದಾಗಿನಿಂದ ನಿಮಗೆ 15 ದಿನ. ಆ 15 ದಿನದೊಳಗೆ ಉತ್ತರ ಹೋಗಲೇಬೇಕು. ನೋಟಿಸ್ ತೆಗೆದುಕೊಳ್ಳದೆ ಪೋಸ್ಟ್‌ಮ್ಯಾನನ್ನು ವಾಪಸ್ ಕಳಿಸುವುದು ನಮ್ಮ ಕಡೆ ಒಂದು ಕೆಟ್ಟ ಚಾಳಿ, ಅದರಿಂದ ಎಷ್ಟು ಜನ ಹಾಳಾದದ್ದನ್ನು ಕಣ್ಣಾರೆ ನೋಡಿದ್ದೇನೆ.

ಹೈದರಾಬಾದ್ ಕೋರ್ಟು ಅನ್ನುವ ಸಾಲನ್ನು ಹಗುರ ಮಾಡಬೇಡಿ. ನೌಕರಿ ಕರಾರಿನಲ್ಲೂ ಅಂಥ ಸಾಲು ನಡೆಯುತ್ತದೆ ಅಂತ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀವು ಹೂಡುವ ದಾವೆಯೂ ಅಲ್ಲಿಗೇ ಹೋಗಬೇಕಾಗಬಹುದು. ಕೇಸು ಗೆಲ್ಲುವ ಮಾತಿಗಿಂತ ಕೇಸು ಆಗದಂತೆ ಹೊರಗೆ ಬರುವುದು ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ.

ಬಾಕಿ ಸಂಬಳ ಹಿಡಿದಿಟ್ಟರೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಪ್ರಕಾರ ರಾಜೀನಾಮೆ ಕೊಟ್ಟವರ ವೇತನವನ್ನು 2 ಕೆಲಸದ ದಿನಗಳೊಳಗೆ ಕೊಡಬೇಕು ಅಂತ ಬರೆದು ಕೇಳಿ. ವಕೀಲರ ಫೀಸಿಗೆ ಅಂಜಬೇಡಿ. ಕೊಪ್ಪಳದ ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಸಿಂಧನೂರು (ಮತ್ತೆ)

ವಕೀಲರೇ, ಒಂದು ಕೇಳಬೇಕಿತ್ತು. ರೈತರೇ ಫೋನ್ ಮಾಡಿ "ನೀ ಎಲ್ಲಿ ಹೋಗ್ತಿ ಅಲ್ಲಿಗೆ ನಾವೂ ಬರ್ತೀವಪಾ" ಅಂತಾರೆ. ಅವರ ನಂಬರು ತಲೆಯಲ್ಲೇ ಇರುತ್ತದೆ. ಅದೂ ತಪ್ಪಾ?

ಬಳ್ಳಾರಿ, ವಕೀಲ

ತಲೆಯಲ್ಲಿ ಇರುವುದನ್ನು ಯಾರೂ ಕಿತ್ತುಕೊಳ್ಳಲು ಆಗದು. 2006ರಲ್ಲಿ ದೆಹಲಿ ಹೈಕೋರ್ಟ್ ಒಂದು ಬ್ಯಾಂಕಿನ ನೌಕರಳ ಪ್ರಕರಣದಲ್ಲಿ, ಗಿರಾಕಿಗಳ ಪರಿಚಯ ಇದೆ ಅನ್ನುವ ಕಾರಣಕ್ಕೆ ಬೇರೆ ಕೆಲಸಕ್ಕೆ ಹೋಗುವುದನ್ನು ತಡೆಯಲು ಒಪ್ಪಲಿಲ್ಲ. ಆದರೆ ಈ ಸೀಸನ್ನಿಗೆ ರೈತರು ಹಳೆ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು, ಬೀಜ ತೆಗೆದುಕೊಂಡು ಹಾಕಿದ್ದಾರೆ. ಆ ಬೆಳೆ ಇರುವಾಗ ಅವರನ್ನು ಎಳೆದರೆ ಅದು ಬೇರೆ ಜಗಳ, ಅದರಲ್ಲಿ ರೈತನೂ ಸಿಕ್ಕಿಕೊಳ್ಳುತ್ತಾನೆ. ಬೆಳೆ ತೂಕ ಆಗಿ ದುಡ್ಡು ಕೈಗೆ ಬಂದ ಮೇಲೆ ಅವರು ಯಾರ ಹತ್ತಿರ ಹೋಗುತ್ತಾರೆ ಅನ್ನುವುದು ಅವರ ಇಷ್ಟ.

ಬಳ್ಳಾರಿ, ಜೀನ್ಸ್ ವಾಷಿಂಗ್ ಯುನಿಟ್ ಮಾಲೀಕ

ನಾನು ಸಂಬಳ ಕೊಡುವ ಕಡೆಯವನು. ನಮ್ಮ ಕಷ್ಟವನ್ನೂ ಯಾರಾದರೂ ಹೇಳಬೇಕಲ್ಲ.

ನಮ್ಮಲ್ಲಿ ವಾಷಿಂಗ್ ಮಾಸ್ಟರ್ ಅಂದರೆ ಯುನಿಟ್ಟಿನ ಜೀವ. ಯಾವ ಬಟ್ಟೆಗೆ ಎಷ್ಟು ಎಂಜೈಮು, ಎಷ್ಟು ಬಿಸಿ ನೀರು, ಎಷ್ಟು ನಿಮಿಷ, ಎಲ್ಲಾ ಅವನ ಕೈಯಲ್ಲಿ. ಅವನು ಬಿಟ್ಟು ಪಕ್ಕದ ಓಣಿಯ ಯುನಿಟ್ ಸೇರಿದರೆ ನನ್ನ ಶೇಡು ಮರುವಾರ ಅಲ್ಲಿ ಇರುತ್ತದೆ. ಹಾಗೆ ಒಮ್ಮೆ ಆಯಿತು. ಸಿಟ್ಟಿಗೆ ನಾನೂ ಎಲ್ಲರ ಹತ್ತಿರ, ಬಿಟ್ಟ ಮೇಲೆ 3 ವರ್ಷ ಬೇರೆ ಯುನಿಟ್ ಸೇರೋದಿಲ್ಲ ಅಂತ ಬಾಂಡ್ ಪೇಪರ್ ಬರೆಸಿಕೊಂಡೆ. ನಮ್ಮ ವಕೀಲರಿಗೆ ತೋರಿಸಿದರೆ "ಇದು ಕೋರ್ಟಿನಲ್ಲಿ ನಿಲ್ಲೋದಿಲ್ಲ ಸಾವ್ಕಾರ್ರೆ, ಹುಡುಗರನ್ನ ಹೆದರಿಸಾಕ ಅಷ್ಟ ಬರ್ತೈತಿ" ಅಂದರು. ಮನೆಗೆ ಬಂದು ಯೋಚನೆ ಮಾಡಿದೆ. ಹೆದರಿಕೊಂಡು ಉಳಿದ ಮಾಸ್ಟರ್ ಎಂಥ ಬಟ್ಟೆ ತೆಗೆದುಕೊಡುತ್ತಾನೆ?

ಆ ಕಾಗದಗಳನ್ನು ಹರಿದೆ. ಈಗ 2 ತಿಂಗಳ ನೋಟಿಸ್, ಆ 2 ತಿಂಗಳ ಸಂಬಳ ಪೂರ್ತಿ. ಶೇಡ್ ಬುಕ್ ನನ್ನ ಕಪಾಟಿನಲ್ಲಿ, ಬೇಕಾದಾಗ ಬರೆದುಕೊಟ್ಟು ಸಂಜೆ ವಾಪಸ್ ತೆಗೆದುಕೊಳ್ಳುತ್ತೇನೆ. ಮಾಸ್ಟರ್ ಕೈಕೆಳಗೆ ಒಬ್ಬ ಹುಡುಗನನ್ನು ಯಾವಾಗಲೂ ತಯಾರು ಮಾಡಿಸುತ್ತೇನೆ. ದೀಪಾವಳಿಗೆ ಒಂದು ತಿಂಗಳ ಸಂಬಳ ಜಾಸ್ತಿ. ಆಮೇಲೆ ಒಬ್ಬ ಬಿಟ್ಟು ಹೋದ, ಹೋಗುವ ದಿನ ಕೂತು ಮಂಡಾಳ ಒಗ್ಗರಣೆ, ಮಿರ್ಚಿ ತಿಂದು, ಲೆಕ್ಕ ಚುಕ್ತಾ ಮಾಡಿಕೊಂಡು ಹೋದ. ಈಗಲೂ ಮಷಿನ್ ಕೈಕೊಟ್ಟರೆ ಅವನಿಗೇ ಫೋನ್ ಮಾಡುತ್ತೇನೆ, ಬರುತ್ತಾನೆ.

ತಮ್ಮಾ, ನಿನ್ನ ಮೇಲಿನವರ ಮೇಲಿನವರು ಯಾರಿದ್ದಾರೋ ಅವರ ಹತ್ತಿರ ಒಮ್ಮೆ ನೇರ ಹೋಗು. 4 ವರ್ಷ ದುಡಿದಿದ್ದೀಯಾ. ಕೆಲವು ಸಲ ಕೆಳಗಿನವರು ಹೆದರಿಸುವುದು ಮಾಲೀಕರಿಗೆ ಗೊತ್ತೇ ಇರುವುದಿಲ್ಲ.

ಕೇಳಿದವರು: ಕುಷ್ಟಗಿ

ಎಲ್ಲರಿಗೂ ಕೈಮುಗಿಯುತ್ತೇನೆ. ಅಕ್ಕಾ, ಅವ್ವನಿಗೆ ಇದನ್ನೆಲ್ಲಾ ಓದಿ ಹೇಳಿದೆ, ರಾತ್ರಿ ಎರಡು ರೊಟ್ಟಿ ತಿಂದಳು.

ವಕೀಲರು ಕೇಳಿದ್ದಕ್ಕೆ: 9 ಪುಟ ಮತ್ತೆ ಓದಿದೆ, ಪಕ್ಕದ ಮನೆಯ ಡಿಗ್ರಿ ಓದುವ ಹುಡುಗಿಯನ್ನು ಕೂರಿಸಿಕೊಂಡು. ಇಷ್ಟು ವರ್ಷ ಇರಲೇಬೇಕು ಅಂತ ಎಲ್ಲೂ ಇಲ್ಲ. ನೋಟಿಸ್ 1 ತಿಂಗಳು. ಚೆಕ್ ನಂಬರು ಸಿಕ್ಕಿತು, ಚೆಕ್ ಬುಕ್ಕಿನ ಕೊನೆಯ ಹಾಳೆಯಲ್ಲಿ "ಕಂಪನಿಗೆ ಕೊಟ್ಟದ್ದು" ಅಂತ ಅವತ್ತೇ ಪೆನ್ಸಿಲ್ಲಿನಲ್ಲಿ ಬರೆದಿದ್ದೆ, ತಾರೀಖು ಸಮೇತ. ಫೋಟೊ ತೆಗೆದಿಟ್ಟಿದ್ದೇನೆ. ಗಾಡಿಯ ಡಿಕ್ಕಿಯಲ್ಲಿ ಹೋದ ಸೀಸನ್ನಿನ ಒಂದು ಸಣ್ಣ ಪೊಟ್ಟಣ ಹೆಣ್ಣು ಬೀಜ ಇತ್ತು, ನನಗೆ ನೆನಪೇ ಇರಲಿಲ್ಲ. ಇವತ್ತು ಆಫೀಸಿನಲ್ಲಿ ಕೊಟ್ಟು ರಿಜಿಸ್ಟರ್‌ನಲ್ಲಿ ಬರೆಸಿದೆ.

ಹೊಸ ಕಂಪನಿಯವರಿಗೂ 7ನೇ ಪುಟ ಕಳಿಸಿದೆ. ನಮ್ಮ ವಕೀಲರು ನೋಡುತ್ತಾರೆ ಅಂದಿದ್ದಾರೆ, ಅದನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳಿದ್ದೇನೆ. ನನ್ನ 14 ಪ್ಲಾಟುಗಳಲ್ಲಿ ಕ್ರಾಸಿಂಗ್ ಮುಗಿಯಲು ಇನ್ನೂ 3 ವಾರ ಇದೆ. ಮುಗಿಸಿಯೇ ರಾಜೀನಾಮೆ ಕೊಡುತ್ತೇನೆ. ಚೆಕ್ಕು, ಮಾರ್ಕ್ಸ್ ಕಾರ್ಡು ಕೇಳುವ ಪತ್ರ ಮಾತ್ರ ನಾಳೆಯೇ ಸ್ಪೀಡ್ ಪೋಸ್ಟ್. ಏನು ಉತ್ತರ ಬಂತು ಅಂತ ಇಲ್ಲೇ ಬರೆಯುತ್ತೇನೆ.